ಗೆದ್ದ ಕಾರುಗಳನ್ನು ಹೊತ್ತ ಗಾಡಿ

ಜೂನ್ ತಿಂಗಳಲ್ಲಿ ಶಾಲೆ ತೆರೆಯಿತೆಂದರೆ ಅರ್ಜಿ ತುಂಬುವ ಕೆಲಸ ಇದ್ದೇ ಇರುತ್ತದೆ. ಔರಾದಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ಹೆಸರು, ಊರು, ಹುಟ್ಟಿದ ದಿನಾಂಕ ಎಲ್ಲವನ್ನೂ ಚಕಚಕನೆ ಬರೆದ. ‘ತಂದೆಯ ಉದ್ಯೋಗ’ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪಕ್ಕದವನಿಗೆ ಕಾಣದಂತೆ ಎಡಗೈ ಅಡ್ಡ ಇಟ್ಟು ‘ಸರ್ಕಾರಿ ನೌಕರಿ’ ಎಂದು ಬರೆದು ಕೊಟ್ಟುಬಿಟ್ಟ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಉಗುರಿನ ಸಂದಿನಲ್ಲಿ ಆಯಿಲ್ ಕಪ್ಪು ಉಳಿದ ಕೈಯನ್ನು ಗೆಳೆಯರ ಮುಂದೆ ತೋರಿಸಲು ಅವನಿಗೆ ನಾಚಿಕೆ.

ಅದೇ ಹುಡುಗನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಮಾತ್ರ ರೇಸ್ ಕಾರಿನ ಚಿತ್ರವಿದೆ. ಗಂಟೆಗೆ ಮುನ್ನೂರು ಕಿ.ಮೀ. ಓಡುವ ಕಾರು, ಗೆದ್ದ ಚಾಲಕ, ಕೈಯಲ್ಲಿ ಬೆಳ್ಳಿಯ ಬಟ್ಟಲು. ಆ ಕಾರು ರೇಸಿನ ಮೈದಾನದವರೆಗೆ ಹೇಗೆ ಬಂತು ಎಂಬ ಪ್ರಶ್ನೆ ಅವನಿಗೆ ಹೊಳೆದಿಲ್ಲ. ಅದು ಒಳ್ಳೆಯ ಪ್ರಶ್ನೆ. ಅದರ ಉತ್ತರ ಬಸ್ ಡಿಪೋದ ಬಾಗಿಲಿಗೇ ಬಂದು ನಿಲ್ಲುತ್ತದೆ.

ರೇಸ್ ಕಾರನ್ನು ಊರಿಂದ ಊರಿಗೆ ಓಡಿಸಿಕೊಂಡು ಹೋಗುವುದಿಲ್ಲ. ಅದರ ಎಂಜಿನ್ನು, ಟೈರು ಎರಡೂ ಅಲ್ಪಾಯುಷಿಗಳು. ಆದ್ದರಿಂದ ಕಾರನ್ನು ಹೊತ್ತೊಯ್ಯಲು ಇನ್ನೊಂದು ಗಾಡಿ ಬೇಕು. ಅಂಥ ಗಾಡಿಗಳಲ್ಲಿ ಬಹಳ ಪ್ರಸಿದ್ಧವಾದದ್ದು ಸ್ಕಾಟ್ಲೆಂಡಿನ ‘ಎಕ್ಯೂರಿ ಎಕಾಸ್’ ತಂಡದ್ದು. ಎಡಿನ್‌ಬರೋ ನಗರದ ಡೇವಿಡ್ ಮರ್ರೆ ಎಂಬ ಲೆಕ್ಕಪರಿಶೋಧಕ, ವಿಲ್ಕಿ ವಿಲ್ಕಿನ್‌ಸನ್ ಎಂಬ ಮೆಕ್ಯಾನಿಕ್ ಜೊತೆಗೂಡಿ ಕಟ್ಟಿದ ಸಣ್ಣ ತಂಡ ಅದು. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಇಪ್ಪತ್ನಾಲ್ಕು ಗಂಟೆ ಬಿಡದೆ ನಡೆಯುವ ರೇಸಿನಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳ ತಂಡಗಳನ್ನು ಹಿಂದೆ ಹಾಕಿ 1956 ಮತ್ತು 1957ರಲ್ಲಿ, ಸತತ ಎರಡು ಬಾರಿ, ಈ ತಂಡದ ಜಾಗ್ವಾರ್ ಕಾರುಗಳು ಗೆದ್ದವು.

ಎಡಿನ್‌ಬರೋದಿಂದ ಅಲ್ಲಿಗೆ ಸಾವಿರ ಕಿ.ಮೀ.ಗೂ ಹೆಚ್ಚು ದಾರಿ. ನಡುವೆ ಸಮುದ್ರ ಬೇರೆ. ಗೆದ್ದ ಆ ಕಾರುಗಳನ್ನು ಹೊತ್ತೊಯ್ದದ್ದು ಯಾವುದು ಗೊತ್ತೆ? ಹಳೆಯ ಬಸ್ಸುಗಳು! ಪ್ರಯಾಣಿಕರ ಸೀಟು ಕಿತ್ತು, ಕಾರು ಏರುವಂತೆ ಮಾರ್ಪಡಿಸಿದ ಗಾಡಿಗಳು. ತಂಡದ ಹೆಸರು ಬೆಳೆದ ಮೇಲೆ ಅಭಿಮಾನಿಗಳ ಸಂಘದ ನೆರವಿನಿಂದ ಹೊಸ ಗಾಡಿಯೊಂದು ಸಿದ್ಧವಾಯಿತು. 1960ರ ಹೊತ್ತಿಗೆ ಅದು ರಸ್ತೆಗೆ ಇಳಿಯಿತು. ಅದರ ಮೈ ಕಟ್ಟಿದವರೂ ಬಸ್ಸು ಕಟ್ಟುವವರೇ. ಫಾಲ್ಕರ್ಕ್ ಊರಿನ ವಾಲ್ಟರ್ ಅಲೆಕ್ಸಾಂಡರ್ ಕಂಪನಿ. ಅಟ್ಟದ ಮೇಲೆ ಎರಡು ಕಾರು, ಒಳಗೆ ಒಂದು ಕಾರು, ಜೊತೆಗೆ ರಿಪೇರಿ ಮಾಡಲು ಪುಟ್ಟ ವರ್ಕ್‌ಶಾಪು. ಅಂದವಾದ ಈ ನೀಲಿ ಗಾಡಿಯನ್ನು ನೋಡಿ ಕಾರ್ಗಿ ಎಂಬ ಆಟಿಕೆ ಕಂಪನಿ 1961ರಲ್ಲಿ ಅದರ ಪುಟ್ಟ ಮಾದರಿಯನ್ನೇ ಮಾರಾಟಕ್ಕೆ ತಂದಿತು. ರೇಸ್ ಕಾರನ್ನು ಹೊರುವ ಗಾಡಿಯೇ ಮಕ್ಕಳ ಕೈಯ ಆಟಿಕೆಯಾಯಿತು.

ಅದರ ಎಂಜಿನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ. ‘ಕಾಮರ್’ ಲಾರಿಗಳ ಟಿಎಸ್-3 ಎಂಬ ಡೀಸೆಲ್ ಎಂಜಿನ್ನು ಅದು. ಸಿಲಿಂಡರು ಮೂರು, ಪಿಸ್ಟನ್ನು ಆರು. ಇದೆಂಥ ಲೆಕ್ಕ? ಸಾಮಾನ್ಯ ಬಸ್ಸಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಒಂದೇ ಪಿಸ್ಟನ್. ಇಲ್ಲಿ ಅಡ್ಡ ಮಲಗಿದ ಒಂದೊಂದು ಸಿಲಿಂಡರಿನಲ್ಲೂ ಎರಡು ಪಿಸ್ಟನ್ನುಗಳು ಎದುರುಬದುರು ಇರುತ್ತವೆ. ಚಪ್ಪಾಳೆ ತಟ್ಟಲು ಎರಡು ಅಂಗೈಗಳು ಹತ್ತಿರ ಬಂದಂತೆ ಅವು ನಡುವಿನ ಗಾಳಿಯನ್ನು ಒತ್ತುತ್ತವೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆಗ ಎರಡೂ ಪಿಸ್ಟನ್ನುಗಳು ದೂರ ಸಿಡಿಯುತ್ತವೆ. ಆ ಬಲವನ್ನು ಸನ್ನೆಗೋಲುಗಳು ಕೆಳಗಿನ ಒಂದೇ ಕ್ರ್ಯಾಂಕ್ ಶಾಫ್ಟಿಗೆ ಒಯ್ಯುತ್ತವೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಬೆಂಕಿ ಹೊತ್ತಿದರೆ, ಇದು ಎರಡು ಹೊಡೆತದ್ದು; ಪ್ರತಿ ಸುತ್ತಿಗೂ ಹೊತ್ತುತ್ತದೆ. ಹೊಗೆಯನ್ನು ತಳ್ಳಿ ಹೊಸ ಗಾಳಿ ತುಂಬಲು ಒಂದು ಬ್ಲೋವರ್ ಇದೆ. ಮೇಲೆ ಸಿಲಿಂಡರ್ ಹೆಡ್ಡೂ ಇಲ್ಲ, ವಾಲ್ವುಗಳೂ ಇಲ್ಲ. ಹೀಗಾಗಿ ಎಂಜಿನ್ನು ತಗ್ಗಾಗಿ, ಚಾಲಕನ ಸೀಟಿನ ಕೆಳಗೇ ಕೂರುವಂತಿತ್ತು.

ನಿಜ ಹೇಳಬೇಕೆಂದರೆ, ಇಷ್ಟು ಒಳ್ಳೆಯ ಗಾಡಿ ಬಂದ ಮೇಲೆ ತಂಡ ಲೆ ಮಾನ್ಸ್‌ನಲ್ಲಿ ಮತ್ತೆ ಗೆಲ್ಲಲಿಲ್ಲ. ಆದರೆ ಆ ವರ್ಷಗಳಲ್ಲೇ ಜಾಕಿ ಸ್ಟೀವರ್ಟ್ ಎಂಬ ಯುವಕ ಈ ತಂಡದ ಕಾರು ಓಡಿಸಿದ. ಶಾಲೆಯಲ್ಲಿ ಅವನನ್ನು ದಡ್ಡ ಎಂದೇ ಎಣಿಸಿದ್ದರು. ಹದಿಹರೆಯದಲ್ಲೇ ಓದು ಬಿಟ್ಟು ತಂದೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆದ. ಮುಂದೆ 1969, 1971 ಮತ್ತು 1973ರಲ್ಲಿ ಮೂರು ಬಾರಿ ವಿಶ್ವ ಚಾಂಪಿಯನ್ ಆದ. ಅಕ್ಷರ ಓದಲು ತೊಡಕಾಗುವ ಡಿಸ್ಲೆಕ್ಸಿಯಾ ತನಗಿದೆ ಎಂದು ತಿಳಿದದ್ದು ನಲವತ್ತು ದಾಟಿದ ಮೇಲೆ. ಅದೂ ಮಗನನ್ನು ಪರೀಕ್ಷಿಸಿದಾಗ. ಮಕ್ಕಳ ಅಂಕಪಟ್ಟಿ ನೋಡಿ ಗದರುವ ತಂದೆತಾಯಿಗಳು ಈ ಸಂಗತಿಯನ್ನು ಒಂದು ಕ್ಷಣ ಯೋಚಿಸಬೇಕು.

1970ರ ದಶಕದ ಆರಂಭಕ್ಕೆ ತಂಡ ಮುಚ್ಚಿತು. ಗಾಡಿ ಕೈಯಿಂದ ಕೈಗೆ ಹೋಗಿ, ಸೊರಗಿ, ಗುಜರಿಯ ಅಂಚಿಗೆ ಬಂತು. ಬೆಲೆ ತಿಳಿದವರೊಬ್ಬರು ಅದನ್ನು ಕೊಂಡು, ಪೂರ್ತಿ ಬಿಚ್ಚಿಸಿ, ಮೊದಲಿನಂತೆ ಕಟ್ಟಿಸಿದರು. 2013ರ ಡಿಸೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಸುಮಾರು 18 ಲಕ್ಷ ಪೌಂಡಿಗೆ, ಎಂದರೆ ಆಗಿನ ಲೆಕ್ಕದಲ್ಲಿ 18 ಕೋಟಿ ರೂಪಾಯಿಯಷ್ಟು ಬೆಲೆಗೆ ಹೋಯಿತು. ಹೊರೆ ಹೊತ್ತ ಗಾಡಿಗೆ ಅಷ್ಟು ಬೆಲೆ!

ಈಗ ನಮ್ಮ ಕಡೆಗೆ ಬರೋಣ. ಬೀದರ್ ಜಿಲ್ಲೆ 1956ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಅಲ್ಲಿ ನಿಜಾಂ ಸರ್ಕಾರದ ರೈಲ್ವೆ ಇಲಾಖೆ 1932ರ ಜೂನ್‌ನಲ್ಲಿ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಆ ಕಾಲದ ಆಲ್ಬಿಯನ್ ಬಸ್ಸುಗಳು ತಯಾರಾದದ್ದು ಗ್ಲಾಸ್ಗೋದಲ್ಲಿ, ಅದೇ ಸ್ಕಾಟ್ಲೆಂಡಿನಲ್ಲಿ. ‘ಡೆಕ್ಕನ್ ಕ್ವೀನ್’ ಎಂಬ ಅಂಥ ಒಂದು ಬಸ್ಸನ್ನು ಹೈದರಾಬಾದಿನ ಸಾರಿಗೆ ಸಂಸ್ಥೆ ಗುಜರಿಗೆ ಹಾಕದೆ ಉಳಿಸಿಕೊಂಡು ಬಂದಿದೆ. 1951ರಲ್ಲಿ ಆಲ್ಬಿಯನ್ ಕಂಪನಿಯನ್ನು ಲೇಲ್ಯಾಂಡ್ ಕೊಂಡಿತು. ಅದೇ ಲೇಲ್ಯಾಂಡಿನ ಹೆಸರು ‘ಅಶೋಕ್’ ಜೊತೆ ಸೇರಿ ಇಂದಿಗೂ ನಮ್ಮ ಬಸ್ಸುಗಳ ಮುಂಭಾಗದಲ್ಲಿದೆ.

ಭಾಲ್ಕಿಗೆ ರೈಲಾದರೂ ಇದೆ. ಔರಾದ್ ಪಟ್ಟಣಕ್ಕೆ ಬಸ್ಸೇ ಗತಿ. ಬೆಳಗಿನ ಬಸ್ಸು ಮಾಂಜ್ರಾ ನದಿ ದಾಟಿ ಬೀದರ್ ಮುಟ್ಟಿದರೆ ಕಾಲೇಜಿನ ಮೊದಲ ಪಾಠ ಸಿಗುತ್ತದೆ. ದಾರಿಯಲ್ಲಿ ಕೆಟ್ಟು ನಿಂತರೆ ಪಾಠವೂ ಹೋಯಿತು, ಪರೀಕ್ಷೆಯ ದಿನವಾದರೆ ವರ್ಷವೂ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ‘ಬಸ್ ಚಾರ್ಜಿಗೆ ದುಡ್ಡಿಲ್ಲ’ ಎಂದು ಹೆಣ್ಣುಮಕ್ಕಳ ಓದು ನಿಲ್ಲಿಸುವ ಕಾರಣವೂ ಇಲ್ಲವಾಯಿತು. ಆ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಬೇಕಾದರೆ ರಾತ್ರಿಯೆಲ್ಲ ಯಾರೋ ಅದರ ಕೆಳಗೆ ಮಲಗಿ ಬೋಲ್ಟು ಬಿಗಿದಿರಬೇಕು. ನಮ್ಮ ಕಡೆ ಅಂಥವರನ್ನು ‘ಉಸ್ತಾದ್’ ಎಂದು ಕರೆಯುವ ರೂಢಿಯಿದೆ. ಉಸ್ತಾದ್ ಎಂದರೆ ಗುರು.

2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳನ್ನು ಗುಜರಿಗೆ ಹಾಕುವ ನಿಯಮ ಬಂದಿದೆ. ಹೊಗೆ ಮತ್ತು ಅಪಘಾತದ ದೃಷ್ಟಿಯಿಂದ ಅದು ಸರಿಯೇ. ಆದರೆ ಬಸ್ಸಿನ ಜೊತೆಗೆ ಅದರ ಕತೆಯೂ ಗುಜರಿಗೆ ಹೋಗಬೇಕಿಲ್ಲ. ಯಾವ ವರ್ಷದ ಗಾಡಿ, ಯಾವ ಯಾವ ಊರಿಗೆ ಓಡಿತು, ಎಂಜಿನ್ನು ಎಷ್ಟು ಸಲ ಇಳಿಸಿದರು, ಮಳೆಗಾಲದಲ್ಲಿ ಎಲ್ಲಿ ಹೂತಿತು, ಯಾರು ಎತ್ತಿದರು? ಇದನ್ನೆಲ್ಲ ಕೇಳಿ ಬರೆದಿಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್ ಕೆಲಸ. ಖರ್ಚಿಲ್ಲ, ಒಂದು ನೋಟ್‌ಬುಕ್ಕು, ಒಂದು ಭಾನುವಾರ ಸಾಕು.

ಔರಾದಿನ ಆ ಹುಡುಗನಿಗೆ ದೂರ ಹೋಗುವ ಕಷ್ಟವೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಬಚ್ಚಲಲ್ಲಿ ಕೈ ತೊಳೆಯುವಾಗ, ಸೋಪು ಕೊಡುತ್ತಾ, ‘ಅಪ್ಪಾ, ಇವತ್ತು ಯಾವ ಗಾಡಿ ರಿಪೇರಿ ಮಾಡ್ದಿ?’ ಎಂದು ಕೇಳಿದರೆ ಸಾಕು. ತಂದೆಯೂ ‘ನಿನಗ್ಯಾಕದು, ಓದ್ಕೋ ಹೋಗು’ ಎನ್ನದೆ ಉತ್ತರ ಹೇಳಬೇಕು. ಮುಂದಿನ ಜೂನ್‌ಗೆ ಮತ್ತೆ ಅದೇ ಅರ್ಜಿ ಬರುತ್ತದೆ, ಅದೇ ಸಾಲೂ ಇರುತ್ತದೆ.