ತಗಡಿನ ಮೇಲಿನ ಬಣ್ಣ

ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದಿದ್ದವು. ಮಂಗಳೂರಿನ ದಕ್ಕೆಯ ಹತ್ತಿರದ ಐಸ್ ಪ್ಲಾಂಟೊಂದರಲ್ಲಿ ಆಗಷ್ಟೇ ಡ್ರೈವ್ ಕೂರಿಸಿದ್ದರು. ಟ್ಯಾಂಕಿನ ಉಪ್ಪುನೀರನ್ನು ಕಲಕುವ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ ಅದು. ಕರೆಂಟ್ ಬಿಲ್ ಇಳಿಯಲೆಂದು ತಂದದ್ದು. ಆದರೆ ಡ್ರೈವ್ ಚಾಲೂ ಆದೊಡನೆ ಟ್ಯಾಂಕಿನ ಉಷ್ಣತೆ ತೋರಿಸುವ ಅಂಕಿ ಮೈನಸ್ 8ರಿಂದ ಪ್ಲಸ್ 3ಕ್ಕೆ, ಅಲ್ಲಿಂದ ಮೈನಸ್ 15ಕ್ಕೆ ಕುಣಿಯುತ್ತಿತ್ತು. ಅದನ್ನು ನಂಬಿ ಕಂಪ್ರೆಸರ್ ಹೊತ್ತಲ್ಲದ ಹೊತ್ತಿನಲ್ಲಿ ನಿಲ್ಲುತ್ತಿತ್ತು. ಐಸ್ ಗಟ್ಟಿಯಾಗುತ್ತಿರಲಿಲ್ಲ. ಹೊರಗೆ ಬೋಟಿನವರು ಕಾಯುತ್ತಿದ್ದರು.

ನನ್ನ ಪಿಎಚ್‌ಡಿ ಈ ವಿದ್ಯುತ್ ಗದ್ದಲದ ಮೇಲೆಯೇ. ಡ್ರೈವಿನೊಳಗಿನ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತವೆ. ಪ್ರತಿ ಸಲವೂ 500 ವೋಲ್ಟಿಗೂ ಹೆಚ್ಚು ಒತ್ತಡ ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಏರಿಳಿಯುತ್ತದೆ. ಆ ಹೊಡೆತಕ್ಕೆ ಕೇಬಲ್ಲಿನಿಂದ, ಮೋಟಾರಿನ ಮೈಯಿಂದ ಚೂರು ಕರೆಂಟು ಅರ್ಥಿಗೆ ಸೋರುತ್ತದೆ. ಸೋರಿದ್ದು ಡ್ರೈವಿಗೆ ಮರಳಲೇಬೇಕು. ಸರಿಯಾದ ದಾರಿ ಸಿಗದಿದ್ದರೆ ಸೆನ್ಸರಿನ ತಂತಿಯನ್ನೇ ದಾರಿ ಮಾಡಿಕೊಳ್ಳುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಕಂಪ್ಯೂಟರಿನಲ್ಲಿ ಗೆದ್ದಿದ್ದ ನನ್ನ ಫಿಲ್ಟರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಜೋಡಿಸಿದೆ. ಅಂಕಿ ಕುಣಿಯುತ್ತಲೇ ಇತ್ತು.

ಅಲ್ಲಿನ ಎಲೆಕ್ಟ್ರಿಷಿಯನ್ ಅರವತ್ತು ದಾಟಿದವರು. ಜೇಬಿನಿಂದ ಸಣ್ಣ ರೇಡಿಯೋ ತೆಗೆದು, ಎಎಂನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ, ಕೇಬಲ್ಲಿನ ಗುಂಟ ನಡೆದರು. ಎರಡು ಕಡೆ ಗರಗರ ಜೋರಾಯಿತು. ಒಂದು, ಮೋಟಾರಿನ ಕೇಬಲ್ಲೂ ಸೆನ್ಸರಿನ ತಂತಿಯೂ ಒಂದೇ ಟ್ರೇಯಲ್ಲಿ ಅಂಟಿಕೊಂಡು ಮಲಗಿದ್ದಲ್ಲಿ. ಇನ್ನೊಂದು, ಪ್ಯಾನೆಲ್ಲಿನ ಹತ್ತಿರ.

“ಎಂತ ಉಂಟು ನೋಡಿ ಮೇಡಂ,” ಎಂದು ಟಾರ್ಚ್ ಬಿಟ್ಟರು. ಕೇಬಲ್ಲಿನ ಸುತ್ತಲಿನ ತಾಮ್ರದ ಬಲೆಯನ್ನು ಜಡೆಯಂತೆ ಹೊಸೆದು, ಕಡಲಗಾಳಿಗೆ ತುಕ್ಕು ಹಿಡಿದ ಸ್ಕ್ರೂ ಒಂದಕ್ಕೆ ಸಿಕ್ಕಿಸಿದ್ದರು. ಡ್ರೈವ್ ಕೂತ ತಗಡಿಗೆ ಬಣ್ಣ ಬಳಿದಿತ್ತು. ನನ್ನ ಫಿಲ್ಟರನ್ನೂ ನಾನು ಆ ಬಣ್ಣದ ಮೇಲೆಯೇ ಬಿಗಿದಿದ್ದೆ.

“ಬಣ್ಣದಲ್ಲಿ ಕರೆಂಟು ಹೋಗ್ತದಾ?” ಎಂದರು. ವ್ಯಂಗ್ಯವಿರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ಮೇನ್ ಆಫ್ ಮಾಡಿ, ಡ್ರೈವಿನೊಳಗಿನ ಚಾರ್ಜ್ ಇಳಿಯುವವರೆಗೆ ಕಾದೆವು. ಬಣ್ಣ ಕೆರೆದೆವು. ಜಡೆ ಬಿಚ್ಚಿ, ಬಲೆಯ ಸುತ್ತಳತೆ ಪೂರ್ತಿ ಹಿಡಿಯುವ ಲೋಹದ ಕ್ಲಾಂಪನ್ನು ಡ್ರೈವಿನ ತುದಿಗೂ ಮೋಟಾರಿನ ತುದಿಗೂ ಹಾಕಿದೆವು. ತುಕ್ಕಿನ ಸ್ಕ್ರೂ ಬದಲಿಸಿ, ಚಪ್ಪಟೆ ತಾಮ್ರದ ಪಟ್ಟಿಯನ್ನು ಆದಷ್ಟು ಗಿಡ್ಡವಾಗಿ ಕಟ್ಟಿದೆವು. ಸೆನ್ಸರಿನ ತಂತಿಯನ್ನು ಎದುರಿನ ಗೋಡೆಗೆ ಒಯ್ದೆವು. ಮೋಟಾರಿನ ಕೇಬಲ್ಲನ್ನು ದಾಟಲೇಬೇಕಾದ ಒಂದು ಕಡೆ ಅಡ್ಡಡ್ಡ, ಲಂಬಕೋನದಲ್ಲಿ ದಾಟಿಸಿದೆವು. ಸಂಜೆ ಡ್ರೈವ್ ಓಡಿಸಿದಾಗ ಅಂಕಿ ಕುಣಿಯಲಿಲ್ಲ; ಒಂದೊಂದೇ ಡಿಗ್ರಿ ಇಳಿಯುತ್ತ ಹೋಯಿತು. ಅವರು ರೇಡಿಯೋ ಜೇಬಿಗಿಳಿಸಿ ಚಹಾಕ್ಕೆ ಹೊರಟರು.

ರಾತ್ರಿ ಹಾಸ್ಟೆಲಿನಲ್ಲಿ ಪ್ರಬಂಧದ ಕಡತ ತೆರೆದೆ. ನನ್ನ ಮಾದರಿಯಲ್ಲಿ ಅರ್ಥ್ ಎಂದರೆ ಒಂದು ಚುಕ್ಕಿ, ಅದರ ತಡೆ ಸೊನ್ನೆ. ಅಲ್ಲಿ ತುಕ್ಕಿಲ್ಲ, ಬಣ್ಣವಿಲ್ಲ, ಉಪ್ಪುಗಾಳಿಯಿಲ್ಲ. ಎಲ್ಲ ಫಲಿತಾಂಶಗಳೂ ಆ ಸೊನ್ನೆಯ ಮೇಲೆ ನಿಂತಿದ್ದವು. ಫೆಲೋಶಿಪ್ ಮುಗಿಯಲು ಎಂಟು ತಿಂಗಳಿತ್ತು. ಹಾಗೆಯೇ ಒಪ್ಪಿಸಿದ್ದರೆ ಬಹುಶಃ ಯಾರೂ ಕೇಳುತ್ತಿರಲಿಲ್ಲ.

ಆ ಅಧ್ಯಾಯವನ್ನು ಈಗ ಮತ್ತೆ ಬರೆಯುತ್ತಿದ್ದೇನೆ. ವಾರಕ್ಕೊಮ್ಮೆ ದಕ್ಕೆಗೆ ಹೋಗಿ, ತುಕ್ಕು ಹಿಡಿದ ಸ್ಕ್ರೂಗಳನ್ನು ಅಳೆದು ಬರುತ್ತೇನೆ.