ಕಾಲುವೆಯ ಕೊನೆಯಿಂದ ಕಡಲಿನವರೆಗೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ನಮ್ಮ ಮನೆಗಳಲ್ಲಿ ರಜೆ ಬಂತೆಂದರೆ ಸಮುದ್ರ ತೋರಿಸಿರೆಂದು ಮಕ್ಕಳು ಹಟ ಹಿಡಿಯುತ್ತಾರೆ. ಹಿರಿಯರು ಅದನ್ನು ದುಂದುವೆಚ್ಚವೆಂದು ತಳ್ಳಿಹಾಕುವುದುಂಟು. ನಮ್ಮ ಅಭಿಪ್ರಾಯ ಬೇರೆ. ಕಾವೇರಿಯ ನೀರುಂಡ ಮನೆಯವರೆಲ್ಲರೂ ಒಮ್ಮೆಯಾದರೂ ಕೂಡಿಹೋಗಿ ಮಂಗಳೂರಿನ ಕಡಲನ್ನು ನೋಡಿ ಬರಬೇಕು.

2023ರಲ್ಲಿ ಮುಂಗಾರು ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿಗಳ ಪೂರ್ಣ ಮಟ್ಟವನ್ನು ಮುಟ್ಟಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಗದ್ದೆಗಳ ಪಾಡು ಹೇಳತೀರದು. ಮಳವಳ್ಳಿ ಸೀಮೆಗೆ ಸೊಸೆಯಾಗಿ ಹೋದ ನಮ್ಮ ಅಕ್ಕ ಐವತ್ತು ವರ್ಷಗಳಿಂದ ಆ ನೀರಿಗೆ ಕಾದವರು. ಮರುವರ್ಷದ ಜನವರಿಯಲ್ಲಿ ಅವರನ್ನೂ ಮದ್ದೂರಿನ ತಮ್ಮನ ಸಂಸಾರವನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ನಾವು ಮಂಗಳೂರಿಗೆ ಹೊರಟೆವು.

ಹುಣಸೂರು ದಾಟಿ, ಕುಶಾಲನಗರದ ಸೇತುವೆಯ ಮೇಲೆ ಕಾವೇರಿಯನ್ನು ಕಂಡೆವು. ಮಡಿಕೇರಿಯ ಆಚೆ ಘಟ್ಟವಿಳಿಯುವಾಗ ಮಕ್ಕಳಿಗೆ ಹೇಳಿದೆವು: ಈ ಬೆಟ್ಟಸಾಲಿನ ಮೂಡಲಿಗೆ ಸುರಿದ ಮಳೆ ಕಾವೇರಿಯನ್ನು ಸೇರಿ ನಮ್ಮೂರಿಗೆ ಬರುತ್ತದೆ, ಪಡುವಲಿಗೆ ಸುರಿದದ್ದು ಪಯಸ್ವಿನಿಯಾಗಿ ಕಡಲಿಗೆ ಹೋಗುತ್ತದೆ.

ಮರುದಿನ ಬೆಳಗಿನ ಪೂಜೆ ಮುಗಿಸಿ ಕದ್ರಿಯ ಮಂಜುನಾಥ ದೇವಾಲಯಕ್ಕೆ ಹೋದೆವು. ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಮಠದಲ್ಲಿ ಓದಿದ ನಮಗೆ ಶಾಸನವೆಂದರೆ ಹಸಿವು ಮರೆಯುತ್ತದೆ, ಮಕ್ಕಳಿಗೆ ಮರೆಯದು. ನೀರುದೋಸೆ ತಿಂದ ಮೇಲೆ ಅವರ ಆಯ್ಕೆಯಂತೆ ಪಿಲಿಕುಳಕ್ಕೆ ನಡೆದೆವು. ತುಳುವಿನಲ್ಲಿ ಪಿಲಿಯೆಂದರೆ ಹುಲಿ. ಹುಲಿಗಳು ನೀರಿಗೆ ಬರುತ್ತಿದ್ದ ಕೊಳವೆಂದು ಆ ಹೆಸರು. ಮೃಗಾಲಯ, ಕೆರೆ, 2018ರಲ್ಲಿ ತೆರೆದ ತಾರಾಲಯ ಇವೆಲ್ಲಕ್ಕೆ ಒಂದು ಪೂರ್ಣ ದಿನ ಬೇಕು. ಶ್ರೀರಂಗಪಟ್ಟಣವನ್ನು ಬಲ್ಲ ನಮ್ಮ ಮಕ್ಕಳು, ಗುರುಪುರ ನದಿಯ ದಡದಲ್ಲಿ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿಯನ್ನು ಹಳೆಯ ನೆಂಟರಂತೆ ಗುರುತಿಸಿದರು.

ಕೊನೆಯ ಸಂಜೆ ಪಣಂಬೂರಿನ ಕಡಲತೀರ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟೊಂದು ನೀರ್ನ ದೇವ್ರು ಉಪ್ಪು ಮಾಡ್ಬುಟ್ನಲ್ಲಪ್ಪ! ನಮ್ ಗದ್ದೆಗೆ ಒಂದು ಬೊಗಸೆನೂ ಆಗಕ್ಕಿಲ್ಲ" ಎಂದರು. ನಾವು ಬಿಡಿಸಿ ಹೇಳಿದೆವು. ಬಿಸಿಲಿಗೆ ಕಡಲ ನೀರು ಆವಿಯಾಗುವಾಗ ಉಪ್ಪು ಇಲ್ಲಿಯೇ ಉಳಿಯುತ್ತದೆ. ಜೂನ್ ತಿಂಗಳಲ್ಲಿ ನೈರುತ್ಯ ಮಾರುತ ಆ ಆವಿಯನ್ನು ಹೊತ್ತು ಘಟ್ಟಕ್ಕೆ ಹಾಯುತ್ತದೆ. ಕೊಡಗಿನಲ್ಲಿ ಮಳೆಯಾಗಿ, ಕಾವೇರಿಯಾಗಿ, ಕನ್ನಂಬಾಡಿಯಲ್ಲಿ ನಿಂತು, ನಾಲೆಯಲ್ಲಿ ಹರಿದು ಕಟ್ಟಕಡೆಗೆ ನಿಮ್ಮ ಗದ್ದೆಗೆ ಬರುವುದು ಈ ನೀರೇ ಎಂದೆವು. ಅಕ್ಕ ಕೈಮುಗಿದರು. "ಅಷ್ಟು ದೂರದಿಂದ ಬರೋ ನೀರಾ? ಹಂಗಾದ್ರೆ ಮೇಲಿನ ಗದ್ದೆಯೋರಿಗೆ ಇದ್ನ ತೋರಿಸ್ಬೇಕು ಕಣಪ್ಪ" ಎಂದರು.

ಆ ಮಾತಿಗೆ ನಾವು ಸೇರಿಸಬೇಕಾದುದೇನೂ ಇಲ್ಲ. ಹೋಗುವ ಬಂಧುಗಳಿಗೆ ಎರಡು ಸೂಚನೆ ಸಾಕು. ನವೆಂಬರಿನಿಂದ ಫೆಬ್ರವರಿಯವರೆಗೆ ಸೆಕೆ ಕಡಿಮೆ; ವೃದ್ಧರಿಗೆ ಅದೇ ತಕ್ಕ ಕಾಲ. ಮಳೆಗಾಲದಲ್ಲಿ ಕಡಲಿಗಿಳಿಯಬಾರದು, ಉಳಿದ ಕಾಲದಲ್ಲಿಯೂ ಜೀವರಕ್ಷಕರ ಮಾತು ಮೀರಬಾರದು. ಮಕ್ಕಳೊಡನೆ ಹಿರಿಯರನ್ನೂ ಕರೆದುಕೊಂಡು ಹೋಗಿ ಬನ್ನಿ. ಬಂದ ಮೇಲೆ, ನಿಮ್ಮ ಗದ್ದೆ ನಾಲೆಯ ಮೇಲ್ಭಾಗದಲ್ಲಿದ್ದರೆ, ನಿಮ್ಮ ಸರದಿ ಮುಗಿದೊಡನೆ ತೂಬು ಮುಚ್ಚಿರಿ.