ಅಳಿಯನ ಕಾರು, ಅಪ್ಪನ ಗಾಡಿ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಜುಲೈ ಕೊನೆಯಲ್ಲಿ ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಕ್ಕಳಿಗೆ ಶಾಲೆಯ ಬೇಸಿಗೆ ರಜೆ ಆಗತಾನೇ ಶುರುವಾಗಿತ್ತು. ಅಳಿಯ ಒಂದು ಹಳೆಯ ಕ್ಯಾರವಾನ್ ಕೊಂಡಿದ್ದರು. ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇರುತ್ತದೆ. ಹೋದ ಊರಿನಲ್ಲಿ ನಿಲ್ಲಿಸಿಕೊಂಡು ವಾಸ ಮಾಡಬಹುದು. ಆದರೆ ಅದು ಓಡುವಾಗ ಒಳಗೆ ಯಾರೂ ಕೂರುವ ಹಾಗಿಲ್ಲ. ನಾವೆಲ್ಲ ಕಾರಿನಲ್ಲೇ ಕೂರಬೇಕು.

ಡೆವನ್ ಎಂಬ ಕಡಲತೀರದ ಸೀಮೆಗೆ ಹತ್ತು ದಿನ ಹೊರಟೆವು. ಅಡುಗೆಯ ಉಸ್ತುವಾರಿ ನನ್ನದು. ಹತ್ತು ಕಿಲೋ ಅಕ್ಕಿ, ರಾಗಿ ಹಿಟ್ಟು, ಬೇಳೆ, ಎರಡು ಕುಕ್ಕರ್, ಉಪ್ಪಿನಕಾಯಿ ಭರಣಿ, ಕಬ್ಬಿಣದ ಕಾವಲಿ, ಜೊತೆಗೆ ಮಗಳು ಬೇಡವೆಂದರೂ ಕೇಳದೆ ಪುಟ್ಟ ಒರಳುಕಲ್ಲು. ಚಟ್ನಿಗೆ ಅದರ ರುಚಿಯೇ ಬೇರೆ, ನೀವೇ ಹೇಳಿ! ಇದನ್ನೆಲ್ಲ ಕ್ಯಾರವಾನಿನ ಕಟ್ಟಕಡೆಯಲ್ಲಿದ್ದ ಬಚ್ಚಲಲ್ಲಿ ಒತ್ತಾಗಿ ಜೋಡಿಸಿದೆ. ಕೈಗೆ ಸುಲಭವಾಗಿ ಸಿಗಲಿ ಎಂದು. ಅಳಿಯ ಬಾಗಿಲಲ್ಲಿ ನಿಂತು ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಮತ್ತೆ ಸುಮ್ಮನಾದರು. ಅತ್ತೆಗೆ ಎದುರಾಡುವ ಮನುಷ್ಯರಲ್ಲ ಅವರು. ಇಪ್ಪತ್ತೈದು ಕಿಲೋದ ಟೆಂಟನ್ನೂ ಅಲ್ಲೇ ಪಕ್ಕಕ್ಕೆ ತುರುಕಿದರು.

ಎಂ-5 ಎಂಬ ಹೆದ್ದಾರಿ ಬರ್ಮಿಂಗ್‌ಹ್ಯಾಮಿನ ಹತ್ತಿರ ಶುರುವಾಗಿ ದಕ್ಷಿಣಕ್ಕೆ ಎಕ್ಸೆಟರ್ ಊರಿನ ತನಕ ಹೋಗುತ್ತದೆ. ಕ್ಯಾರವಾನ್ ಎಳೆಯುವವರು ಅಲ್ಲಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ದಾಟುವಂತಿಲ್ಲ. ಅಳಿಯ ಆ ಮಿತಿಯೊಳಗೇ ಇದ್ದರು. ಬ್ರಿಸ್ಟಲ್ ಬಳಿ ಏವನ್ ನದಿಗೆ ಏವನ್‌ಮೌತ್ ಸೇತುವೆ ಕಟ್ಟಿದ್ದಾರೆ. ತುಂಬ ಎತ್ತರದ ಸೇತುವೆ, ಮೇಲೆ ಗಾಳಿ ಜೋರು. ಸೇತುವೆಯ ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿತು. ಲಾರಿಯ ಮೂತಿ ತಳ್ಳಿದ ಗಾಳಿ ಕ್ಯಾರವಾನನ್ನು ಒಂದು ಕಡೆಗೆ ನೂಕಿತು, ಲಾರಿ ಮುಂದೆ ಹೋಗುತ್ತಲೇ ಇನ್ನೊಂದು ಕಡೆಗೆ ಎಳೆಯಿತು. ಅಷ್ಟೇ. ಹಿಂದಿನ ಮನೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗಾಡತೊಡಗಿತು. ಒಂದೊಂದು ತೂಗಿಗೂ ಹೆಚ್ಚಾಗುತ್ತಾ ಹೋಯಿತು. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ. ಪುಟ್ಟಿ ನನ್ನ ಸೆರಗು ಹಿಡಿದುಕೊಂಡಳು. ನನ್ನ ಬಾಯಲ್ಲಿ ದೇವರ ಹೆಸರೂ ಹೊರಡಲಿಲ್ಲ.

ಅಳಿಯ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೆಟ್ಟಗೆ ಗಟ್ಟಿಯಾಗಿ ಹಿಡಿದು ಕೂತರು. ವೇಗ ಇಳಿಯಿತು. ವೇಗ ಇಳಿದ ಹಾಗೆ ತೂಗಾಟವೂ ಇಳಿಯಿತು. ಇಂಥ ಹೊತ್ತಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಹಿಂದಿನ ಭಾರ ಕಾರನ್ನೇ ತಳ್ಳಿ ಮಡಚಿ ಹಾಕುವ ಅಪಾಯವಿದೆಯಂತೆ. ಎಡಕ್ಕೆ ಎಳೆಯುವುದು, ಬಲಕ್ಕೆ ಎಳೆಯುವುದು ಮಾಡಿದರೆ ತೂಗಾಟ ಇನ್ನೂ ಜಾಸ್ತಿ. ಸೇತುವೆ ಇಳಿದ ಕೂಡಲೇ ಗೊರ್ಡಾನೊ ಎಂಬ ತಂಗುದಾಣ ಸಿಕ್ಕಿತು. ಅಲ್ಲಿಗೆ ನುಗ್ಗಿ ನಿಲ್ಲಿಸಿದರು. ಅವರ ಕೈ ನಡುಗುತ್ತಿತ್ತು.

ಪಕ್ಕದಲ್ಲಿ ಇನ್ನೊಂದು ಕ್ಯಾರವಾನ್ ನಿಂತಿತ್ತು. ಅದರ ಯಜಮಾನ ನನ್ನ ವಯಸ್ಸಿನ ಇಂಗ್ಲಿಷ್ ಮುದುಕ. ನಮ್ಮ ಮುಖ ನೋಡಿ ತಾನಾಗಿಯೇ ಬಂದ. ಅಳಿಯನ ಹತ್ತಿರ ಎರಡು ಮಾತಾಡಿ, ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಎಳೆಸಿ, ಚಕ್ರಕ್ಕೆ ಅಡ್ಡ ಇಡಿಸಿ, ಕಾರಿನ ಕೊಂಡಿ ಬಿಚ್ಚಿಸಿದ. ಆಮೇಲೆ ಬಗ್ಗಿ ಕ್ಯಾರವಾನಿನ ಮೂತಿಗೆ ಕೈ ಹಾಕಿ ಎತ್ತಿದ. ಆ ಮುದುಕನ ಕೈಗೆ ಅದು ಸಲೀಸಾಗಿ ಎದ್ದುಬಿಟ್ಟಿತು!

ಆಗ ನನಗೆ ಅಪ್ಪ ಕಂಡರು.

ಮಂಡ್ಯದ ಹತ್ತಿರ ನಮ್ಮೂರು. ಆಲೆಮನೆಯಿಂದ ಬೆಲ್ಲದ ಮೂಟೆಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ಅಪ್ಪ ಮಂಡ್ಯದ ಮಂಡಿಗೆ ಹೋಗುತ್ತಿದ್ದರು. ಹೇರಿದ ಮೇಲೆ, ಎತ್ತು ಹೂಡುವ ಮೊದಲು, ಅಪ್ಪ ಗಾಡಿಯ ಮೂಕಿಗೆ ಕೈ ಹಾಕಿ ಒಮ್ಮೆ ಎತ್ತಿ ನೋಡುತ್ತಿದ್ದರು. ಇದೇ ಥರ, ಹೀಗೇ ಬಗ್ಗಿ. ಮೂಕಿ ಹಗುರಾಗಿ ಮೇಲೆದ್ದರೆ ಹಿಂಭಾರ. ನೊಗ ಮೇಲಕ್ಕೆದ್ದು ಕೊರಳ ಹಗ್ಗ ಎತ್ತಿನ ಗಂಟಲು ಬಿಗಿಯುತ್ತದೆ. ಏಳಲೇ ಇಲ್ಲವೆಂದರೆ ಮುಂಭಾರ. ಎತ್ತಿನ ಹೆಗಲು ಹುಣ್ಣಾಗುತ್ತದೆ. ಎರಡು ಮೂಟೆ ಆಚೆ ಈಚೆ ಸರಿಸಿ ಹದಕ್ಕೆ ತರುತ್ತಿದ್ದರು. ದಿಣ್ಣೆ ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದಲ್ಲ, ಆಗ ಮೂಟೆಗಳ ಮೇಲೆ ಕೂತಿದ್ದ ನನ್ನನ್ನು ಕರೆಯುತ್ತಿದ್ದರು: "ಬಾ ಮಗ, ಮುಂದ್ಕ್ ಬಂದ್ ಕೂತ್ಕೊ." ಎಂಟು ವರ್ಷದ ನನ್ನ ತೂಕವೂ ಅಪ್ಪನ ಲೆಕ್ಕದಲ್ಲಿತ್ತು.

"ಹಿಂಭಾರ!" ಎಂದು ಗಟ್ಟಿಯಾಗಿ ಕೂಗಿದೆ. ಮುದುಕ ತಿರುಗಿ ನೋಡಿದ. ಪುಟ್ಟಿ ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಕ್ಕು, ನನ್ನ ಕಡೆ ಬೆರಳು ತೋರಿಸಿ, ಹೌದು ಹೌದು ಎಂದು ತಲೆಯಾಡಿಸಿದ.

ಅವನ ಹತ್ತಿರ ಮೂತಿಯ ಭಾರ ಅಳೆಯುವ ಒಂದು ಕೊಳವೆಯಿತ್ತು, ಒಳಗೆ ಸ್ಪ್ರಿಂಗ್. ಕ್ಯಾರವಾನಿನ ಮೂತಿಯನ್ನು ಅದರ ಮೇಲೆ ಇಳಿಸಿದರೆ ಎಷ್ಟು ಕಿಲೋ ಎಂದು ತೋರಿಸುತ್ತದೆ. 28 ಕಿಲೋ ಬಂತು. ತುಂಬಿದ ಕ್ಯಾರವಾನಿನ ತೂಕದಲ್ಲಿ ನೂರಕ್ಕೆ ಐದರಿಂದ ಏಳು ಪಾಲು ಮೂತಿಯ ಮೇಲಿರಬೇಕೆಂಬುದು ಆ ದೇಶದವರ ಲೆಕ್ಕ. ನಮ್ಮದು 1300 ಕಿಲೋ. ಅಂದರೆ 65ರಿಂದ 91 ಕಿಲೋ. ಕಾರಿನ ಕೊಂಡಿ ತಾಳುವ ಮಿತಿ ಬೇರೆ ಇರುತ್ತದೆ, ಅದನ್ನೂ ಮೀರಬಾರದು.

ಕುಕ್ಕರು, ಅಕ್ಕಿ, ಒರಳುಕಲ್ಲು ಒಂದೊಂದೇ ಬಚ್ಚಲಿನಿಂದ ಹೊರಗೆ ಬಂದವು. ಅಷ್ಟು ಜನರ ಮುಂದೆ ನನಗೆ ನಾಚಿಕೆಯೋ ನಾಚಿಕೆ. ಎಲ್ಲವನ್ನೂ ಚಕ್ರದ ಅಚ್ಚಿನ ನೇರಕ್ಕೆ, ನೆಲದ ಮೇಲೆ, ಜರುಗದ ಹಾಗೆ ಇಟ್ಟೆವು. ಟೆಂಟೂ ಅಲ್ಲಿಗೇ ಬಂತು. ಮತ್ತೆ ಅಳೆದಾಗ 75 ಕಿಲೋ! ಒಂದು ಸಾಮಾನನ್ನೂ ಬಿಟ್ಟಿರಲಿಲ್ಲ, ಜಾಗ ಬದಲಾಗಿತ್ತು ಅಷ್ಟೇ.

ಭಾರ ನಡುವಿಗೆ ಯಾಕೆ ಬರಬೇಕು ಅಂತ ಮಕ್ಕಳು ಮನೆಯಲ್ಲೇ ನೋಡಬಹುದು. ಒಂದು ಉದ್ದನೆಯ ಕೋಲನ್ನು ನಡುವೆ ಹಿಡಿದು, ನೀರು ತುಂಬಿದ ಎರಡು ಬಾಟಲಿಗಳನ್ನು ಕೈಯ ಹತ್ತಿರವೇ ಎರಡೂ ಪಕ್ಕ ಕಟ್ಟಿ. ಕೋಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನಿಲ್ಲಿಸಿ. ಈಗ ಅವೇ ಬಾಟಲಿಗಳನ್ನು ಕೋಲಿನ ಎರಡು ತುದಿಗೆ ಕಟ್ಟಿ ಅದನ್ನೇ ಮಾಡಿ. ತಿರುಗಲು ಹೊರಟಿದ್ದನ್ನು ನಿಲ್ಲಿಸುವುದು ಎಷ್ಟು ಕಷ್ಟ ನೋಡಿ. (ಅಜ್ಜಿಯ ಟೀವಿಯಿಂದ ದೂರ ನಿಂತು ಮಾಡಿ.)

ಅಳಿಯನದೂ ಒಂದು ತಪ್ಪು ಹೊರಬಿತ್ತು. ಕಾರಿನ ಹಿಂದಿನ ಕೊಂಡಿ ಒಂದು ಉಕ್ಕಿನ ಗುಂಡು. ಅದಕ್ಕೆ ಅವರು ದಂಡಿಯಾಗಿ ಗ್ರೀಸ್ ಬಳಿದಿದ್ದರು. ನಮ್ಮ ಕಾಲದಲ್ಲಿ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದೆವಲ್ಲ, ಅದರಲ್ಲಿ ತಪ್ಪೇನು ಅನ್ನಿಸಿತು ನನಗೆ. ಆದರೆ ಈ ಕ್ಯಾರವಾನಿನ ಕೊಂಡಿಯೊಳಗೆ ಗುಂಡನ್ನು ಬಿಗಿಯಾಗಿ ಕಚ್ಚಿ ಹಿಡಿದು ತೂಗಾಟ ತಡೆಯುವ ಬಿಲ್ಲೆಗಳಿವೆ. ಗ್ರೀಸ್ ಇದ್ದರೆ ಅವು ಜಾರುತ್ತವೆ. ಮುದುಕ ಬಟ್ಟೆ ಕೊಟ್ಟ, ಅಳಿಯ ಗುಂಡು ಒರೆಸಿದರು. ಬಿಲ್ಲೆಗಳು ಗ್ರೀಸ್ ಕುಡಿದಿದ್ದವು, ಬದಲಾಯಿಸಬೇಕು, ಅಲ್ಲಿಯವರೆಗೆ ನಿಧಾನವಾಗಿ ಹೋಗಿ ಎಂದ. ಎಲ್ಲ ಟೈರುಗಳ ಗಾಳಿಯನ್ನೂ ನೋಡಿಸಿದ. ಇಷ್ಟಕ್ಕೆ ಪ್ರತಿಯಾಗಿ ನಾನು ಕೊಟ್ಟಿದ್ದು ಎರಡು ಕೋಡುಬಳೆ.

ಮೂತಿಯ ಭಾರ ಹದಕ್ಕೆ ಬಂದ ಮೇಲೆ ಇನ್ನೊಂದು ಕಷ್ಟ ಕಾಣಿಸಿತು. ಕಾರಿನ ಹಿಂಭಾಗ ಕುಗ್ಗಿ, ಮೂತಿ ಮೇಲೆದ್ದು ನಿಂತಿತು. ಸಂಜೆ ದೀಪ ಹಾಕಿದರೆ ಬೆಳಕು ರಸ್ತೆಗಿಂತ ಮರಗಳಿಗೇ ಹೆಚ್ಚು. ಆರನೇ ಕ್ಲಾಸಿನ ಪುಟ್ಟ ಅದರ ಲೆಕ್ಕವನ್ನು ನನಗೆ ಬಿಡಿಸಿ ತೋರಿಸಿದ. ಕೊಂಡಿ ಹಿಂದಿನ ಚಕ್ರಗಳಿಗಿಂತ 90 ಸೆಂಟಿಮೀಟರ್ ಹಿಂದಿದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 270 ಸೆಂಟಿಮೀಟರ್, ಅಂದರೆ ಮೂರರಷ್ಟು. ಏತಪಾತದ ಹಾಗೆ, ಕೊಂಡಿಯ ಮೇಲೆ 75 ಕಿಲೋ ಕೂತರೆ ಮುಂದಿನ ಚಕ್ರಗಳಿಂದ 25 ಕಿಲೋ ಎದ್ದುಹೋಗುತ್ತದೆ. ಆ 25 ಕೂಡ ಹಿಂದಿನ ಚಕ್ರಗಳ ಮೇಲೇ ಬಿದ್ದು ಅಲ್ಲಿ ಒಟ್ಟು 100 ಕಿಲೋ ಹೆಚ್ಚಾಗುತ್ತದೆ. ಕಾರು ತಿರುಗಿಸುವುದು ಮುಂದಿನ ಚಕ್ರ ತಾನೇ!

ಊರಿಗೆ ಮರಳಿದ ಮೇಲೆ ಗ್ಯಾರೇಜಿಗೆ ಹೋದೆವು. ಹಿಂದಿನ ಒಂದು ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿಸುತ್ತಿತ್ತು. ಗುಂಡಿ ಬಂದಾಗ ಕುಗ್ಗುವುದು ಸ್ಪ್ರಿಂಗ್‌ನ ಕೆಲಸ. ಕುಗ್ಗಿದ್ದು ಸುಮ್ಮನೆ ಕುಣಿಯುತ್ತಲೇ ಇರದಂತೆ ಅದನ್ನು ಸುಮ್ಮನಾಗಿಸುವುದು ಈ ಶಾಕ್ ಅಬ್ಸಾರ್ಬರಿನ ಕೆಲಸ. ಎರಡೂ ಕಡೆ ಹೊಸದು ಹಾಕಿದರು. ಹಿಂದಿನ ಸ್ಪ್ರಿಂಗ್‌ಗಳಿಗೆ ಆಸರೆಯಾಗಿ ಇನ್ನೊಂದು ಜೊತೆ ಪುಟ್ಟ ಸ್ಪ್ರಿಂಗ್ ಕೂರಿಸಿದರು, ಕೊಂಡಿಯ ಬಿಲ್ಲೆಗಳನ್ನೂ ಬದಲಾಯಿಸಿದರು. ಕಾರು ನೆಟ್ಟಗಾಯಿತು. ಆದರೆ ಗ್ಯಾರೇಜಿನವನು ಅಳಿಯನಿಗೆ ಒಂದು ಮಾತು ಹೇಳಿದನಂತೆ: ಸ್ಪ್ರಿಂಗ್ ಕಾರಿನ ಬೆನ್ನು ಎತ್ತುತ್ತದೆ, ತಪ್ಪಾಗಿ ಹೇರಿದ್ದನ್ನು ಸರಿ ಮಾಡುವುದಿಲ್ಲ. ಆ ಮಾತನ್ನು ಅಳಿಯ ನನಗೆ ಹೇಳುವಾಗ ನೆಲ ನೋಡುತ್ತಿದ್ದರು.

"ಅಳಿಯಂದ್ರೇ," ಎಂದೆ ನಾನು, "ಅವತ್ತು ಬಚ್ಚಲ ಬಾಗಿಲಲ್ಲಿ ಏನೋ ಹೇಳೋಕೆ ಬಂದು ಸುಮ್ಮನಾದ್ರಲ್ಲ, ಏನದು?"

"ಒರಳುಕಲ್ಲು ಅಲ್ಲಿ ಬೇಡ ಅಂತ ಇದ್ದೆ, ಅತ್ತೆ."

"ಹೇಳ್ಬೇಕಿತ್ತು. ನಮ್ಮಪ್ಪ ಆಗಿದ್ರೆ ಒರಳಿನ ಜೊತೆ ನನ್ನನ್ನೂ ಎತ್ತಿ ಮುಂದಕ್ಕೆ ಇಡ್ತಿದ್ರು."

ಆಗಸ್ಟ್ ಕೊನೆಯಲ್ಲಿ ಇನ್ನೊಮ್ಮೆ ಹೊರಟೆವು. ಸಾಮಾನು ತುಂಬಿಸುವಾಗ ಅಳಿಯ ಅಕ್ಕಿಚೀಲ ಹೊತ್ತು ಕ್ಯಾರವಾನಿನ ನಡುವೆ ನಿಂತು, ಪೂರ್ತಿ ಗಂಟಲಿನಲ್ಲಿ ಕೂಗಿದರು: "ಅತ್ತೆ, ಬಂದು ಮೂಕಿ ಎತ್ತಿ ನೋಡಿ!"

ನನ್ನಿಂದ ಏಳಲಿಲ್ಲ. ಪುಟ್ಟಿ ಕೈ ಸೇರಿಸಿದಳು, ಪುಟ್ಟನೂ ಸೇರಿಸಿದ. ಮೂವರೂ ಹೇಗೋ ಒಂದಿಷ್ಟು ಎತ್ತಿ ಇಳಿಸಿದೆವು. ಅಳೆದಾಗ 78 ಕಿಲೋ ಇತ್ತು.